ಬಿ ಸೀಸೆಯ ಒಡತಿ

ಕಿಟಕಿಯಾಚೆ ಇನ್ನೂ ಮಬ್ಬುಗತ್ತಲು. ಮಾಗಡಿಯ ಹಳೆಯ ಪದವಿಪೂರ್ವ ಕಾಲೇಜೊಂದರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕೆಂಪರಾಜು ಹಣ್ಣು ಕತ್ತರಿಸುತ್ತಿದ್ದಾರೆ. ತಮ್ಮೂರಾದ ಕಲ್ಯದಿಂದ ಮೊದಲ ಬಸ್ಸಿಗೆ ಬಂದವರು ಚಪ್ಪಲಿಯನ್ನು ಹೊರಗೆ ಬಿಟ್ಟು, ಪಂಚೆಯ ತುದಿಯಿಂದ ಕಲ್ಲಿನ ಮೇಜನ್ನು ಒಮ್ಮೆ ಒರೆಸಿಕೊಂಡೇ ಚಾಕು ಹಿಡಿದಿದ್ದಾರೆ. ದ್ರಾಕ್ಷಿಯನ್ನು ಹಿಂಡಿ ಬಟ್ಟೆಯಲ್ಲಿ ಸೋಸಿದ್ದಾಗಿದೆ. ಸೀಬೆಹಣ್ಣು ಅರೆಯಬೇಕು. ಬಾಳೆಯಲ್ಲಿ ಎರಡು ಬಗೆ: ಒಂದು ಹಸಿರು ಕಾಯಿ, ಇನ್ನೊಂದು ಕಪ್ಪು ಚುಕ್ಕೆ ಬಂದು ಕಳಿತದ್ದು. ಅಯೋಡಿನ್ ಹನಿ ಬಿದ್ದರೆ ಕಾಯಿ ನೀಲಿಗಪ್ಪಾಗುತ್ತದೆ, ಹಣ್ಣು ಆಗುವುದಿಲ್ಲ. ಕಾಯಿಯಲ್ಲಿ ಪಿಷ್ಟವಾಗಿದ್ದದ್ದು ಹಣ್ಣಾಗುತ್ತ ಸಕ್ಕರೆಯಾಗುವುದನ್ನು ಮಕ್ಕಳು ಕಣ್ಣಾರೆ ಕಾಣಲೆಂದು ಎರಡೂ ಬೇಕು.

ಹಣ್ಣು ಕೊಟ್ಟವರು ಬಸ್ ನಿಲ್ದಾಣದ ಬಳಿಯ ಗಾಡಿಯ ಜಬ್ಬಾರ್. ಕಾಯಿಯನ್ನೂ ಕೊಳೆಯುತ್ತಿರುವ ಹಣ್ಣನ್ನೂ ಒಟ್ಟಿಗೇ ಕೇಳುವ ಗಿರಾಕಿ ಇಡೀ ಊರಿಗೆ ಇವರೊಬ್ಬರೇ. "ತಿನ್ನಾಕೋ, ಪಂಚಾಯ್ತಿ ಮಾಡಾಕೋ?" ಎಂದು ಜಬ್ಬಾರ್ ಪ್ರತಿವರ್ಷ ರೇಗಿಸುತ್ತಾರೆ, ಪ್ರತಿವರ್ಷವೂ ಹಿಂದಿನ ದಿನವೇ ಆರಿಸಿ ಬೇರೆ ಚೀಲದಲ್ಲಿ ಕಟ್ಟಿಟ್ಟಿರುತ್ತಾರೆ.

ಇವತ್ತು ಪ್ರಥಮ ಪಿಯುಸಿ ಮಕ್ಕಳ ಪ್ರಾಯೋಗಿಕ ಪರೀಕ್ಷೆ. ಕೆಂಪರಾಜು ಇಲ್ಲಿಯ ಅಟೆಂಡರ್. ಪರೀಕ್ಷೆ ನಡೆಸುವುದು ಉಪನ್ಯಾಸಕರು, ಬರೆಯುವುದು ಮಕ್ಕಳು. ಆದರೆ ಸ್ಪಿರಿಟ್ ದೀಪಕ್ಕೆ ಬತ್ತಿ ಹೊಸೆಯುವುದರಿಂದ ಹಿಡಿದು ಸೀಳು ಬಿಟ್ಟ ಪ್ರನಾಳವನ್ನು ಬೆರಳಿನಿಂದ ಸವರಿ ಪತ್ತೆಹಚ್ಚಿ ಪಕ್ಕಕ್ಕಿಡುವವರೆಗೆ ಮಿಕ್ಕ ಕೆಲಸವೆಲ್ಲ ಇವರದು. ಆ ಬೆರಳುಗಳ ತುದಿ ಆಮ್ಲ ತಾಗಿ ತಾಗಿ ಹಳದಿಗಟ್ಟಿದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಅದನ್ನು ಬೀಡಿಯ ಕಲೆ ಎಂದುಕೊಂಡು ಒಂದು ವಾರ ಮಾತು ಬಿಟ್ಟಿದ್ದರಂತೆ.

ಮೇಜಿನ ತುದಿಯಲ್ಲಿ ಮೂರು ಸೀಸೆಗಳಿವೆ. ಎ, ಬಿ, ಸಿ ಎಂದು ಚೀಟಿ ಅಂಟಿಸಿದೆ. ಮೂರರಲ್ಲೂ ಎಳೆ ಹಳದಿ ಬಣ್ಣದ ದ್ರವ. ಓದಿದವರು ಮಾದರಿ ಎನ್ನುವುದನ್ನು ಕೆಂಪರಾಜು ನೇರವಾಗಿ ಉಚ್ಚೆ ಎನ್ನುತ್ತಾರೆ. ಎ ಸೀಸೆಯದು ಆರೋಗ್ಯವಂತರದು, ಅಂದರೆ ಕೆಂಪರಾಜು ಅವರದೇ. ಸಿ ಕೂಡ ಅವರದೇ, ಆದರೆ ಅದಕ್ಕೆ ಕೋಳಿಮೊಟ್ಟೆಯ ಬಿಳಿಲೋಳೆ ಬೆರೆಸಿರುತ್ತದೆ. ಕಾಯಿಸಿದರೆ ಪ್ರನಾಳದ ಮೇಲ್ಭಾಗದಲ್ಲಿ ಬಿಳಿಯ ಮೋಡ ಕಟ್ಟುತ್ತದೆ. ಮೂತ್ರಪಿಂಡ ಸೋತವರ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಹೀಗೇ ಕಾಣಿಸುತ್ತದೆ. ಬಿ ಸೀಸೆಯದು ಸಕ್ಕರೆ ಕಾಯಿಲೆಯವರ ಮೂತ್ರವೆಂದು ಲೆಕ್ಕ. ಬೆನೆಡಿಕ್ಟ್ ದ್ರಾವಣದ ನೀಲಿಗೆ ಅದರ ಎಂಟು ಹನಿ ಬಿಟ್ಟು ಕುದಿಸಿದರೆ ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಕೆಂಪಿಗೆ ನಿಲ್ಲುತ್ತದೆ. ದ್ರಾಕ್ಷಿರಸವೂ ಅದೇ ಕೆಂಪು ಕೊಡುತ್ತದೆ.

ಈ ಬಿ ಸೀಸೆ ಬಹಳ ವರ್ಷಗಳ ಕಾಲ ಕಲ್ಯದ ಒಂದು ಮನೆಯಿಂದ ಬರುತ್ತಿತ್ತು. ಅದರ ಒಡತಿ ಕೆಂಪರಾಜು ಅವರ ಹೆಂಡತಿ ಸರಸಮ್ಮ.

ಅದು ಶುರುವಾದ ಬಗೆಯನ್ನು ಕೆಂಪರಾಜು ಕೈಕೆಲಸ ನಿಲ್ಲಿಸದೆಯೇ ಹೇಳುತ್ತಾರೆ. ಆಗ ಮುನಿರಾಮಯ್ಯ ಎಂಬ ಉಪನ್ಯಾಸಕರಿದ್ದರು. ಗ್ಲೂಕೋಸ್ ಬೆರೆಸಿದ ನೀರನ್ನು ಮೂತ್ರವೆಂದು ಮಕ್ಕಳ ಮುಂದಿಡುವುದು ಅವರಿಗೆ ಒಗ್ಗುತ್ತಿರಲಿಲ್ಲ, ನಿಜವಾದದ್ದೇ ಬೇಕೆನ್ನುತ್ತಿದ್ದರು. ಒಂದು ವರ್ಷ ಎ ಸೀಸೆಗೆ ಇನ್ನಷ್ಟು ಬೇಕಾಗಿ ಕೆಂಪರಾಜು ಹೆಂಡತಿಯದನ್ನೂ ತಂದರು. ಪರೀಕ್ಷೆಗೆ ಮೊದಲು ಮೇಷ್ಟ್ರು ಕುದಿಸಿ ನೋಡಿದಾಗ ಅದು ಕಿತ್ತಳೆ ಬಣ್ಣಕ್ಕೆ ತಿರುಗಿತು. ಮುನಿರಾಮಯ್ಯ ದೀಪ ಆರಿಸಿ, ಇದು ಯಾರದೆಂದು ಕೇಳಿ, ಆವತ್ತಿನ ಪರೀಕ್ಷೆಯನ್ನು ಇನ್ನೊಬ್ಬರಿಗೆ ವಹಿಸಿ, ತಮ್ಮ ಸ್ಕೂಟರಿನಲ್ಲೇ ಕಲ್ಯಕ್ಕೆ ಬಂದು ಸರಸಮ್ಮನನ್ನು ವೈದ್ಯರ ಬಳಿಗೆ ಕಳಿಸಿದರು. ಆಕೆಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು ಹಾಗೆ.

"ಈ ಮೇಜೇ ಅವ್ಳ ಜೀವ ಉಳಿಸ್ತು," ಎನ್ನುತ್ತಾರೆ ಕೆಂಪರಾಜು, ಅಂಗೈಯಿಂದ ಕಲ್ಲನ್ನು ಮುಟ್ಟಿ. ಮತ್ತೆ ಚಾಕು ಆಡಿಸುತ್ತ, "ಮೊದಲ್ನೇ ಸಲ," ಎಂದು ಸೇರಿಸುತ್ತಾರೆ.

ಮುಂದಿನ ವರ್ಷ ಸರಸಮ್ಮ ತಾವಾಗಿಯೇ ಸೀಸೆ ತುಂಬಿಸಿಕೊಟ್ಟರು. ಪರೀಕ್ಷೆಯ ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಬಿಸಿನೀರಿನಲ್ಲಿ ತೊಳೆದಿಟ್ಟ ಸೀಸೆಯನ್ನು ಹಿಡಿದು ಹಿತ್ತಿಲಿಗೆ ಹೋಗುವುದು ಆ ಮನೆಯ ವಾಡಿಕೆಯಾಯಿತು. ಮಾತ್ರೆ ಸರಿಯಾಗಿ ನುಂಗಿದ ಒಂದು ವರ್ಷ ಬಣ್ಣ ಬರೀ ಹಸಿರಿಗೆ ನಿಂತುಬಿಟ್ಟಿತಂತೆ. ಉಪನ್ಯಾಸಕರು ಬೇಸರ ಮಾಡಿಕೊಂಡರೂ ಕೆಂಪರಾಜು ಒಳಗೊಳಗೇ ಹಿಗ್ಗಿ, ಸಂಜೆ ಹೂವು ತೆಗೆದುಕೊಂಡು ಹೋಗಿದ್ದರು. ಸರಸಮ್ಮ ಮಾತ್ರ ಮಕ್ಕಳ ಪರೀಕ್ಷೆ ಕೆಟ್ಟಿತಲ್ಲ ಎಂದು ಮುಖ ಸಣ್ಣ ಮಾಡಿಕೊಂಡಿದ್ದರಂತೆ.

ಇವರ ಕತೆ ಬರೆದುಕೊಳ್ಳಲು ಹೋದ ನಾನು ಕಲ್ಯದ ಮನೆಯ ಜಗುಲಿಯಲ್ಲಿ ಸರಸಮ್ಮನ ಪಕ್ಕ ಕುಳಿತಿದ್ದಾಗ ಅವರೇ ಆ ದಿನಗಳ ಮಾತು ತೆಗೆದರು. ಕಾಲು ಊದಿದೆ, ದನಿ ಮೆಲುವಾಗಿದೆ. ನಗು ಮಾತ್ರ ಹಾಗೇ ಇದೆ. "ನಾನು ಮೂರ್ನೇ ಕ್ಲಾಸಿಗೇ ಇಸ್ಕೂಲ್ ಬುಟ್ಟೋಳು ಕಣಮ್ಮ. ನನ್ನ ಉಚ್ಚೆ ಮಾತ್ರ ವರ್ಸ ವರ್ಸ ಪಿಯುಸಿ ಪರೀಕ್ಸೆಗೆ ಕುಂತ್ಕೊಂಡು ಪಾಸಾಗಿ ಬತ್ತಿತ್ತು," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಆದರೆ ಹುಡುಗರ ಮುಂದೆ ತನ್ನ ಹೆಸರು ಬರಬಾರದೆಂದು ಗಂಡನಿಂದ ಭಾಷೆ ತೆಗೆದುಕೊಂಡಿದ್ದರು. ಮಾಗಡಿ ಸಂತೆಯಲ್ಲಿ ಆ ಮಕ್ಕಳೇ ಎದುರು ಸಿಗುತ್ತಾರೆ, ಕಿಸಕ್ಕನೆ ನಕ್ಕರೆ ತಲೆ ಎತ್ತುವುದು ಹೇಗೆ ಎಂಬುದು ಅವರ ಸಂಕೋಚ. ಹಾಗಾಗಿ ಸೀಸೆಗೆ ಬಿ ಎಂಬ ಅಕ್ಷರವೊಂದನ್ನು ಬಿಟ್ಟರೆ ಹೆಸರಿರಲಿಲ್ಲ. ಮುನಿರಾಮಯ್ಯನವರು ನಿವೃತ್ತರಾದ ಮೇಲೆ ಬಂದ ಅನಂತರಾಜು ಮೇಷ್ಟ್ರೂ ಅದು ಯಾರದೆಂದು ಕೇಳಲಿಲ್ಲ. ಯಾರೋ ಸಕ್ಕರೆಯವರದು ಎಂದಷ್ಟೇ ತಿಳಿದಿದ್ದರು. ಕೇಳಿದರೆ ಕೆಂಪರಾಜುಗೆ ಮುಜುಗರವಾದೀತೆಂಬ ದಾಕ್ಷಿಣ್ಯ.

ಎರಡನೆಯ ಸಲದ ಮಾತಿಗೆ ಬಂದಾಗ ಕೆಂಪರಾಜು ಚಾಕುವನ್ನು ಕೆಳಗಿಟ್ಟು ಕೈ ತೊಳೆದುಕೊಳ್ಳುತ್ತಾರೆ.

ಅದು ಹೋದ ವರ್ಷದ ಹಿಂದಿನ ವರ್ಷದ ಪರೀಕ್ಷೆ. ಸೀಸೆಯನ್ನು ಬಸ್ಸಿನಿಂದ ಇಳಿಸಿ ನೋಡಿದಾಗ ಕತ್ತಿನವರೆಗೂ ನೊರೆ ನಿಂತಿತ್ತು. ಕಲ್ಯದ ರಸ್ತೆಯ ಕುಲುಕಾಟಕ್ಕೆ ಹಾಗಾಗಿದೆ ಎಂದುಕೊಂಡರು. ಆ ವರ್ಷದ ಕ್ರಮದಂತೆ ಪ್ರತಿ ಹುಡುಗನಿಗೂ ಹುಡುಗಿಗೂ ಒಂದೊಂದು ಸೀಸೆಯ ದ್ರವ ಕೊಟ್ಟು, ಅದರಲ್ಲಿ ಏನಿದೆ ಎಂದು ಕಂಡು ಬರೆಯಬೇಕಿತ್ತು. ಆದರೆ ಬಿ ಎಂದರೆ ಸಕ್ಕರೆ ಎಂಬುದು ಕಾರಿಡಾರಿನಲ್ಲಿ ಎಲ್ಲರಿಗೂ ಗೊತ್ತು. ಮೊದಲ ತಂಡದವರು ಹೊರಗೆ ಬರುವಾಗಲೇ ಮುಂದಿನವರ ಕಿವಿಯಲ್ಲಿ ಊದಿರುತ್ತಾರೆ. ಬಿ ಸಿಕ್ಕವರೆಲ್ಲ ಕೆಂಪು ಬರುವವರೆಗೆ ಕುದಿಸಿ, ಸಕ್ಕರೆ ಇದೆ, ಅಲ್ಬುಮಿನ್ ಇಲ್ಲ ಎಂದು ಬರೆದು ಎದ್ದರು. ಎರಡನೆಯ ಪರೀಕ್ಷೆಯನ್ನು ಮಾಡುವ ಗೋಜಿಗೇ ಬಹಳಷ್ಟು ಜನ ಹೋಗಲಿಲ್ಲ.

ಕೂಟಗಲ್ ಕಡೆಯಿಂದ ಬರುತ್ತಿದ್ದ ಅಮೂಲ್ಯ ಎಂಬ ಹುಡುಗಿ ಮಾತ್ರ ಎರಡನ್ನೂ ಮಾಡಿದಳು. ಪ್ರನಾಳದ ಮೇಲ್ಭಾಗವನ್ನು ಕಾಯಿಸಿದಾಗ ಬಿಳಿ ಮೋಡ ಎದ್ದಿತು. ಅಸಿಟಿಕ್ ಆಮ್ಲ ಬಿಟ್ಟರೂ ಕರಗಲಿಲ್ಲ, ಕರಗದಿದ್ದರೆ ಅದು ಪ್ರೋಟೀನೇ. ಸಕ್ಕರೆ ಇದೆ, ಅಲ್ಬುಮಿನ್ನೂ ಇದೆ ಎಂದು ಬರೆದಳು. ಅನಂತರಾಜು ಮೇಷ್ಟ್ರ ಉತ್ತರಪಟ್ಟಿಯಲ್ಲಿ ಬಿ ಎದುರಿಗೆ ಸಕ್ಕರೆ ಮಾತ್ರ ಇತ್ತು. ಅಂಕ ಕಡಿಮೆಯಾಯಿತು. ಮೇಷ್ಟ್ರು ಕೆಂಪರಾಜುವನ್ನು ಕರೆದು, ಸಿ ಸೀಸೆಯ ಮೊಟ್ಟೆ ಕಲಕಿದ ಕಡ್ಡಿಯನ್ನೇ ಬಿ ಸೀಸೆಗೂ ಅದ್ದಿದ್ದೀಯಾ ಎಂದು ವಿಚಾರಿಸಿದರು. ಗದರಲಿಲ್ಲ, ಮುಂದಿನ ಸಲ ನೋಡಿಕೊಂಡು ಮಾಡು ಎಂದರು ಅಷ್ಟೆ.

"ನಾನು ಅದ್ದಿರ್ನಿಲ್ಲ," ಎನ್ನುತ್ತಾರೆ ಕೆಂಪರಾಜು. "ಕಡ್ಡಿ ಬೇರೆ ಬೇರೆ ಮಡಗಿದ್ದೆ. ಆದ್ರೂ ನಂದೇ ತಪ್ಪಿರ್ಬೈದು ಅಂತ ಸುಮ್ನಾದೆ. ಈ ಲ್ಯಾಬಲ್ಲಿ ಏನೇ ಎಡವಟ್ಟಾದ್ರೂ ಅಟೆಂಡರ್ ಕೈಯಿಂದ್ಲೇ ಆಗಿರ್ತದೆ. ಅಂಗೆ ರೂಢಿ ಆಗೋಗಿತ್ತು."

ಮಕ್ಕಳೆಲ್ಲ ಹೋದ ಮೇಲೆ ಅಮೂಲ್ಯ ಬಾಗಿಲ ಬಳಿ ನಿಂತಿದ್ದಳು. ಅಂಕದ ಮಾತಿಗೆ ಬಂದಿರಬೇಕೆಂದು ಕೆಂಪರಾಜು ತಲೆ ತಗ್ಗಿಸಿಕೊಂಡು ಪ್ರನಾಳ ತೊಳೆಯುತ್ತಿದ್ದರು. ಹುಡುಗಿ ಅಂಕದ ಸುದ್ದಿ ಎತ್ತಲೇ ಇಲ್ಲ. ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಅಣ್ಣ, ಬಿ ಯಾರ್ದು? ಯಾರ್ದಾರ ಆಗಿದ್ರೆ ಅವ್ರಿಗೊಂದ್ ಮಾತು ಹೇಳಿ. ಕಿಡ್ನಿ ಒಸಿ ತೋರಿಸ್ಕಳ್ಳಲಿ."

ಕೆಂಪರಾಜುಗೆ ಹೆಂಡತಿಗೆ ಕೊಟ್ಟ ಭಾಷೆ ನೆನಪಾಯಿತು. ಕಡ್ಡಿಯ ಮಾತೂ ತಲೆಯಲ್ಲಿತ್ತು.

"ಯಾರ್ದೂ ಅಲ್ಲ ಕಣವ್ವ," ಎಂದರು.

ಹುಡುಗಿ ತಲೆಯಾಡಿಸಿ, ತೊಳೆದಿಟ್ಟಿದ್ದ ಪ್ರನಾಳಗಳನ್ನು ಸ್ಟ್ಯಾಂಡಿಗೆ ಬೋರಲು ಹಾಕಿಕೊಟ್ಟು ಹೋದಳು. ಬಿ ಸೀಸೆಯಲ್ಲಿ ಉಳಿದದ್ದನ್ನು ಕೆಂಪರಾಜು ತೊಟ್ಟಿಗೆ ಸುರಿದು ನಲ್ಲಿ ಬಿಟ್ಟರು.

ಆ ಬೇಸಗೆಯಲ್ಲಿ ಸರಸಮ್ಮನಿಗೆ ಮಂಡಿನೋವು ಹೆಚ್ಚಿತು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ಮಳೆಗಾಲ ಮುಗಿಯುವವರೆಗೂ ನುಂಗಿದರು. ಕಾಲು ಊದಿತು, ಮಂಡಿಯದೇ ಊತವೆಂದುಕೊಂಡರು. ಮುಖವೂ ಊದಿತು, ನಿದ್ದೆಗೆಟ್ಟಿದ್ದಕ್ಕೆ ಎಂದುಕೊಂಡರು. ಕಾರ್ತಿಕ ಮಾಸದಲ್ಲಿ ಒಂದು ಸಂಜೆ ದೀಪ ಹಚ್ಚಲು ಬಗ್ಗಿದವರು ಉಸಿರು ಸಿಗದೆ ಹೊಸ್ತಿಲ ಮೇಲೇ ಕುಳಿತುಬಿಟ್ಟರು. ರಾಮನಗರದಲ್ಲಿ ಪರೀಕ್ಷಿಸಿದ ವೈದ್ಯೆ ಎರಡೂ ಮೂತ್ರಪಿಂಡಗಳು ಬಹುಪಾಲು ಸೋತಿವೆ ಎಂದರು. ಮೂತ್ರದಲ್ಲಿ ಪ್ರೋಟೀನು ಬಹಳ ದಿನಗಳಿಂದ ಹೋಗುತ್ತಿದ್ದಿರಬೇಕು, ಯಾರೂ ನೋಡಲಿಲ್ಲವೆ ಎಂದು ಕೇಳಿದರು. ಮೊದಲೇ ತಿಳಿದಿದ್ದರೆ ನೋವಿನ ಮಾತ್ರೆ ಬಿಡಿಸಿ, ಬೇರೆ ಔಷಧಿ ಕೊಟ್ಟು ಒಂದಷ್ಟು ವರ್ಷ ತಳ್ಳಬಹುದಿತ್ತು ಎಂಬುದನ್ನು ಆಕೆ ಬಹಳ ಮೆತ್ತಗೆ ಹೇಳಿದರಂತೆ.

ಆಸ್ಪತ್ರೆಯ ಮೆಟ್ಟಿಲಿಗೆ ಬಂದು ಕುಳಿತಾಗ ಪ್ರನಾಳದೊಳಗಿನ ಬಿಳಿ ಮೋಡ ಕಣ್ಣ ಮುಂದೆ ಬಂತು ಎನ್ನುತ್ತಾರೆ ಕೆಂಪರಾಜು. "ಸಾವಿರ ಸಲ ಮೊಟ್ಟೆ ಹಾಕಿ ಆ ಮೋಡ ತೋರ್ಸೀನಿ. ನಿಜ್ವಾದ್ದು ಒಂದು ಸಲ ಬಂತು, ಅದನ್ನೂ ಮೊಟ್ಟೆ ಅಂದ್ಬುಟ್ಟೆ."

ಈಗ ವಾರಕ್ಕೆ ಎರಡು ದಿನ ಡಯಾಲಿಸಿಸ್. ಕಲ್ಯದಿಂದ ಮಾಗಡಿ, ಮಾಗಡಿಯಿಂದ ರಾಮನಗರ. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿದ್ದು, ಮತ್ತೆ ಎರಡು ಬಸ್ಸು ಹತ್ತಿ ವಾಪಸು. ರಾಮನಗರದ ಬಸ್ಸಿನ ಕಂಡಕ್ಟರ್ ಹುಚ್ಚಯ್ಯ ಮುಂಬಾಗಿಲ ಪಕ್ಕದ ಸೀಟಿನ ಮೇಲೆ ತಮ್ಮ ಚೀಲವಿಟ್ಟು ಕಾದಿರಿಸುತ್ತಾರೆ. ಯಾರಾದರೂ ಕೂರಲು ಬಂದರೆ ಕಾರಣ ಹೇಳುವುದಿಲ್ಲ, ಸೀಟು ಮುರಿದಿದೆ ಎನ್ನುತ್ತಾರೆ. ಸರಸಮ್ಮ ಹತ್ತಿದ ಕೂಡಲೇ ಸೀಟು ಸರಿಹೋಗುತ್ತದೆ. ಅನಂತರಾಜು ಮೇಷ್ಟ್ರು ಪ್ರಯೋಗಾಲಯದ ವೇಳಾಪಟ್ಟಿಯನ್ನೇ ಬದಲಿಸಿ ಆ ಎರಡು ದಿನ ಕೆಂಪರಾಜುಗೆ ಕೆಲಸ ಬಾರದಂತೆ ಮಾಡಿದ್ದಾರೆ. ವಿಷಯ ತಿಳಿದ ದಿನ ಅವರು ಕಲ್ಯಕ್ಕೆ ಬಂದು ಜಗುಲಿಯ ತುದಿಯಲ್ಲಿ ಕುಳಿತವರು ತಂದಿಟ್ಟ ಕಾಫಿಯನ್ನೂ ಮುಟ್ಟಲಿಲ್ಲವಂತೆ. ಕೊನೆಗೆ ಸರಸಮ್ಮನೇ, "ನೀವೇನ್ ಮಾಡೀರಿ ಮೇಷ್ಟ್ರೇ, ಕಾಪಿ ಕುಡೀರಿ," ಎಂದು ಸಮಾಧಾನ ಮಾಡಿದರು.

ಸರಸಮ್ಮ ಮಾತ್ರ ಕಾಫಿ ಕುಡಿಯುವಂತಿಲ್ಲ. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕೂಡದು. ಬಾಳೆಹಣ್ಣು, ಸೀಬೆ, ಎಳನೀರು ಯಾವುದೂ ಮುಟ್ಟುವಂತಿಲ್ಲ. ಮೊದಲೆಲ್ಲ ಪರೀಕ್ಷೆಯ ದಿನ ಉಳಿದ ಹಣ್ಣು ಮನೆಗೆ ಹೋಗುತ್ತಿತ್ತು, ಸಕ್ಕರೆ ಇದ್ದರೂ ಆಕೆ ಸೀಬೆಯ ಒಂದು ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಈಗ ಕೆಂಪರಾಜು ಹಣ್ಣು ಕತ್ತರಿಸಿದ ಕೈಯನ್ನು ಸೋಪು ಹಚ್ಚಿ ಎರಡೆರಡು ಸಲ ತೊಳೆಯುತ್ತಾರೆ. ಸೀಬೆಯ ವಾಸನೆ ಮನೆಯೊಳಕ್ಕೆ ಹೋಗಬಾರದು.

ಹೋದ ವರ್ಷದ ಪರೀಕ್ಷೆಯ ಹೊತ್ತಿಗೆ ಸರಸಮ್ಮ ಆಸ್ಪತ್ರೆಯಲ್ಲಿದ್ದರು, ಕೆಂಪರಾಜು ರಜೆಯಲ್ಲಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೆಂಪರಾಜು ಅವರನ್ನು ಒಂದೇ ವಿಷಯ ಕೊರೆಯುತ್ತಿತ್ತು. ಅಮೂಲ್ಯ ಪಿಯುಸಿ ಮುಗಿಸಿ ಹಾರೋಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿದ್ದಾಳೆಂದು ತಿಳಿದು, ಒಂದು ಭಾನುವಾರ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಹೋದರು. ಪಾಳಿ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತರು. ನೀಲಿ ಕೋಟು ಹಾಕಿದ ಹುಡುಗಿಯರ ಗುಂಪಿನಲ್ಲಿ ಗುರುತು ಹಿಡಿದದ್ದು ಅವಳೇ. ಬಿ ಸೀಸೆ ತನ್ನ ಹೆಂಡತಿಯದೆಂದೂ, ಅವಳು ಬರೆದದ್ದೇ ಸರಿಯೆಂದೂ, ಕಳೆದ ಅಂಕವನ್ನು ಈಗ ಯಾರೂ ಕೊಡಲಾರರೆಂದೂ ಕೆಂಪರಾಜು ರಸ್ತೆಯ ಬದಿಯಲ್ಲೇ ನಿಂತು ಹೇಳಿ ಮುಗಿಸಿದರು.

ಹುಡುಗಿ ಕೇಳಿದ್ದು ಒಂದೇ ಮಾತು: "ಅಕ್ಕ ಈಗ ಹೆಂಗವ್ರೆ?"

ಅದನ್ನು ಹೇಳುವಾಗ ಕೆಂಪರಾಜು ಗೋಡೆಯ ಕಡೆ ತಿರುಗಿ ಗಡಿಯಾರ ನೋಡುತ್ತಾರೆ. ಅಮೂಲ್ಯ ತಿಂಗಳಿಗೊಮ್ಮೆ ಕಲ್ಯಕ್ಕೆ ಬಂದು ಹೋಗುತ್ತಾಳೆ. ಸರಸಮ್ಮನ ತಲೆ ಬಾಚಿ ಜಡೆ ಹಾಕುತ್ತಾಳೆ. ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಎಡಗೈಯನ್ನು ಸರಸಮ್ಮ ಬೇರೆಯವರೆದುರು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ, ಅವಳ ಎದುರು ಮುಚ್ಚಿಕೊಳ್ಳುವುದಿಲ್ಲ.

ಬೆಳಕು ಹರಿದಿದೆ. ಕೆಂಪರಾಜು ಬಿ ಸೀಸೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಈ ಸಲ ಅದರಲ್ಲಿರುವುದು ನೀರು, ಬಣ್ಣಕ್ಕೆ ಎರಡು ಚಮಚ ಟೀ ಡಿಕಾಕ್ಷನ್, ಒಂದು ಚಿಟಿಕೆ ಉಪ್ಪು, ಗ್ಲೂಕೋಸ್ ಪುಡಿ. ಡಯಾಲಿಸಿಸ್ ಶುರುವಾದ ಮೇಲೆ ಸರಸಮ್ಮನಿಗೆ ಮೂತ್ರ ಕಡಿಮೆಯಾಗುತ್ತ ಬಂದು, ಈಗ ಕೆಲವು ತಿಂಗಳಿಂದ ಪೂರ್ತಿ ನಿಂತುಹೋಗಿದೆ. ಆದರೂ ಇವತ್ತು ಬೆಳಗ್ಗೆ ಆಕೆ ಎಂದಿನ ಹೊತ್ತಿಗೇ ಎದ್ದು ಸೀಸೆಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿಟ್ಟಿದ್ದರು. ಖಾಲಿ ಸೀಸೆಯನ್ನು ಗಂಡನ ಕೈಗೆ ಕೊಡುತ್ತ, "ಈ ವರ್ಸ ನನ್ ಕೈಲಿ ಆಗಾಕಿಲ್ಲ. ಗ್ಲೂಕೋಸು ಒಸಿ ಜಾಸ್ತೀನೇ ಹಾಕು. ಮಕ್ಕಳಿಗೆ ಕೆಂಪು ಚೆಂದಾಗಿ ಬರ್ಲಿ," ಎಂದರಂತೆ.

ಮೇಷ್ಟ್ರು ಬರುತ್ತಾರೆ. ಈಗ ಅವರು ಉತ್ತರಪಟ್ಟಿಯನ್ನು ಮೊದಲೇ ಬರೆಯುವುದಿಲ್ಲ. ಮೂರೂ ಸೀಸೆಗಳ ದ್ರವವನ್ನು ತಾವೇ ಕಾಯಿಸಿ, ಕಂಡದ್ದನ್ನು ನೋಡಿ, ಆಮೇಲೆ ಬರೆಯುತ್ತಾರೆ. ಸೀಸೆಯ ಅಕ್ಷರಗಳನ್ನೂ ತಂಡದಿಂದ ತಂಡಕ್ಕೆ ಅದಲುಬದಲು ಮಾಡುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದು ದೀಪ ಹಚ್ಚುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಕೋಣೆಯಲ್ಲಿ ಸ್ಪಿರಿಟ್ಟಿನ, ಬೆಂದ ದ್ರಾಕ್ಷಿಯ, ಮೊಟ್ಟೆಯ ವಾಸನೆ ಬೆರೆತುಕೊಳ್ಳುತ್ತದೆ. ಕೆಂಪರಾಜು ಬರಿಗಾಲಿನಲ್ಲಿ ಮೇಜುಗಳ ನಡುವೆ ಓಡಾಡುತ್ತಾರೆ. ಹುಡುಗನೊಬ್ಬನ ಪ್ರನಾಳದ ಬಾಯನ್ನು ಅವನ ಮುಖದ ಕಡೆಯಿಂದ ಆಚೆಗೆ ತಿರುಗಿಸಿ ಮುಂದೆ ಹೋಗುತ್ತಾರೆ.

ಅವರಿಗೊಂದು ಆಸೆಯಿದೆ. ಮಕ್ಕಳು ಪಕ್ಕದವರು ಹೇಳಿದ್ದನ್ನು ಬಿಟ್ಟು ತಾವು ಕಂಡದ್ದನ್ನೇ ಬರೆಯಬೇಕು, ಹಾಗೆ ಬರೆದವರನ್ನು ಯಾರಾದರೂ ನಂಬಬೇಕು. ಸರಸಮ್ಮನ ಬಗ್ಗೆ ಏನೂ ಬೇಡಿಕೊಳ್ಳುವುದಿಲ್ಲ. ಮುಂದಿನ ಡಯಾಲಿಸಿಸ್‌ವರೆಗೆ ಆಕೆ ಚೆನ್ನಾಗಿರಲಿ, ಅದರಾಚೆಗಿನದನ್ನು ಯೋಚಿಸುವುದನ್ನು ಬಿಟ್ಟಿದ್ದೇನೆ ಎನ್ನುತ್ತಾರೆ.

ಕಿಟಕಿಯ ಪಕ್ಕದ ಹುಡುಗಿಯೊಬ್ಬಳ ಪ್ರನಾಳದಲ್ಲಿ ನೀಲಿ ಹಸಿರಿಗೆ ತಿರುಗಿ, ಹಳದಿಯಾಗಿ, ನೋಡನೋಡುತ್ತಲೇ ಇಟ್ಟಿಗೆಯ ಕೆಂಪಾಗುತ್ತದೆ. ಬಹಳ ಚೆಂದದ ಕೆಂಪು. ಅವಳು ಅದನ್ನು ಬೆಳಕಿಗೆ ಹಿಡಿದು, ಹಿಂದೆ ನಿಂತ ಕೆಂಪರಾಜು ಕಡೆ ತಿರುಗುತ್ತಾಳೆ. ಇಷ್ಟೊಂದು ಸಕ್ಕರೆ ಪಾಪ ಯಾರಿಗಿದೆ, ಇದು ಯಾರದೆಂದು ಮೆಲ್ಲಗೆ ಕೇಳುತ್ತಾಳೆ.

ಕೆಂಪರಾಜು ಸೀಸೆಯನ್ನು ನೋಡುತ್ತಾರೆ. ತೊಳೆದ ಗಾಜಿನ ಮೇಲೆ ಮನೆಯ ಹತ್ತಿಬಟ್ಟೆಯ ಒಂದು ಎಳೆ ಇನ್ನೂ ಅಂಟಿಕೊಂಡಿದೆ. ಅದನ್ನು ಉಗುರಿನಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಯಾರ್ದೂ ಅಲ್ಲ ಕಣವ್ವ," ಎನ್ನುತ್ತಾರೆ. "ಈ ಸಲ ನಿಜ್ವಾಗ್ಲೂ ಯಾರ್ದೂ ಅಲ್ಲ."